ಭಾಗಮ್ಮ ಕೂತಿದ್ದ ಸೀಟು

ಹಾವು ಹನ್ನೆರಡು ವರ್ಷ ಹಗೆ ಇಟ್ಟುಕೊಳ್ಳುತ್ತದೆ ಅಂತಾರೆ. ಜಾವಳಿ ಕಡೆಯ ಪ್ರೇಮಲತಾ ಹದಿನಾಲ್ಕು ವರ್ಷ ಇಟ್ಟುಕೊಂಡಳು. ಹಾವಿಗಾದರೂ ನಡುವೆ ಪೊರೆ ಬಿಡುವ ಕೆಲಸ ಇರುತ್ತದೆ, ಇವಳಿಗೆ ಅದೂ ಇರಲಿಲ್ಲ. ಡಿಪ್ಲೊಮಾ ಓದಿದ್ದು, ಚಿಕ್ಕಮಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಸೇರಿದ್ದು, ಬಂದ ಎರಡು ಸಂಬಂಧಗಳನ್ನು ಬೇಡ ಅಂದದ್ದು, ಎಲ್ಲವೂ ಒಂದೇ ಕಾರಣಕ್ಕೆ. ಮೂಡಿಗೆರೆಯ ರೇಣುಕಪ್ರಸಾದ್ ಎಂಬ ಮನುಷ್ಯ ಜನರ ಎದುರು ಒಂದು ಮಾತು ಆಡಿದ್ದ. ಅದನ್ನು ಅವನು ಜನರ ಎದುರೇ ನುಂಗಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಆ ಮಾತು ಇದು: "ಆ ಹೆಂಗಸು ಸರಿಯಾಗಿ ಕೂತಿರಲಿಲ್ಲ."

ಆ ಹೆಂಗಸು ಅಂದರೆ ಪ್ರೇಮಲತಾಳ ತಾಯಿ ಭಾಗಮ್ಮ. ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಹೆಂಗಸರ ಗುಂಪಿಗೆ ಮುಂದಾಳು. ಬೆಳಿಗ್ಗೆ ಕೂಲಿಯವರ ಲೈನ್ ಮನೆಗಳಿಂದ ಒಂಬತ್ತು ಜನರನ್ನು ಎಬ್ಬಿಸಿ, ಜೀಪಿಗೆ ಹತ್ತಿಸಿ, ಯಾರನ್ನು ತೋಟದ ಯಾವ ಪಟ್ಟೆಯ ಹತ್ತಿರ ಇಳಿಸಬೇಕು ಅಂತ ಡ್ರೈವರಿಗೆ ಹೇಳುವುದು ಅವಳ ಕೆಲಸ. ಅದಕ್ಕೇ ಡ್ರೈವರ್ ಬೆನ್ನ ಹಿಂದಿನ ಸೀಟು ಅವಳದು. ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಕೂತರೆ ಬೈಸಿಕೊಳ್ಳುತ್ತಿದ್ದರು.

ನಮ್ಮ ಕಡೆ ಜೀಪಿಗೆ ಎರಡು ಜನ್ಮ. ಬೆಳಿಗ್ಗೆ ಜನ, ಸಂಜೆ ಕಾಫಿ ಹಣ್ಣಿನ ಮೂಟೆ. ಮೂಟೆ ತುಂಬುವಾಗ ಹುಡ್ ಹೊತ್ತಿರುವ ನಡುವಿನ ಕಮಾನು ಅಡ್ಡ ಬರುತ್ತದೆ ಅಂತ ಎಲ್ಲ ಮಾಲೀಕರೂ ಗೊಣಗುತ್ತಿದ್ದ ಕಾಲದಲ್ಲಿ, ಮೂಡಿಗೆರೆಯಲ್ಲಿ ಬಾಡಿ ಕಟ್ಟುವ ವರ್ಕ್‌ಶಾಪ್ ಇಟ್ಟಿದ್ದ ರೇಣುಕಪ್ರಸಾದ್ ಒಂದು ಉಪಾಯ ಕಂಡುಹಿಡಿದ. ಕಮಾನನ್ನು ವೆಲ್ಡ್ ಮಾಡುವುದೇ ಬೇಡ, ಎರಡು ಪಿನ್ನು ಹಾಕಿ ನಿಲ್ಲಿಸಿದರೆ ಸಾಕು. ಸಂಜೆ ಪಿನ್ನು ಕಿತ್ತರೆ ಕಮಾನು ಕೈಗೆ ಬರುತ್ತದೆ, ಬೆಳಿಗ್ಗೆ ಮತ್ತೆ ಸಿಕ್ಕಿಸಿದರೆ ಆಯಿತು. ಮಾಲೀಕರು ಭೇಷ್ ಅಂದರು. ಡ್ರೈವರುಗಳು ಭೇಷ್ ಅಂದರು. ಕಳಸದಿಂದ ವಸ್ತಾರೆಯವರೆಗೆ ಎಲ್ಲ ಜೀಪಿಗೂ ಬಿಚ್ಚುವ ಕಮಾನು ಬಂತು. ಆ ಕಮಾನಿನ ಕೆಳಗೆ ಕೂರುವವರನ್ನು ಮಾತ್ರ ಯಾರೂ ಕೇಳಲಿಲ್ಲ.

ಒಂದು ಡಿಸೆಂಬರ್ ಬೆಳಿಗ್ಗೆ, ಜಾವಳಿ ರಸ್ತೆಯಲ್ಲಿ ಎದುರು ಬಂದ ಬಸ್ಸಿಗೆ ಜಾಗ ಬಿಡಲು ಡ್ರೈವರ್ ಜೀಪನ್ನು ಹಿಂದಕ್ಕೆ ತೆಗೆದ. ಬಲಗಡೆಯ ಹಿಂದಿನ ಚಕ್ರ ರಸ್ತೆ ಪಕ್ಕದ ದರೆಯ ಅಂಚಿನಿಂದ ಜಾರಿತು. ಜೀಪು ಬಲಕ್ಕೆ ಮಗುಚಿ, ಎಂಟಡಿ ಕೆಳಗಿದ್ದ ಗದ್ದೆಗೆ ತಲೆಕೆಳಗಾಗಿ ಬಿತ್ತು. ಎಂಟೇ ಅಡಿ. ಕುಯ್ಲಾದ ಗದ್ದೆಯ ಮೆತ್ತನೆ ಮಣ್ಣು. ಒಂಬತ್ತು ಜನ ಸೀರೆ ಕೊಡವಿಕೊಂಡು ಎದ್ದರು. ಪಿನ್ನು ಕತ್ತರಿಸಿಹೋಗಿ ಕಮಾನು ಮಡಚಿಕೊಂಡಿದ್ದ ಜಾಗದಲ್ಲಿ ಭಾಗಮ್ಮ ಏಳಲಿಲ್ಲ.

ಪಂಚಾಯ್ತಿ ಎಸ್ಟೇಟಿನ ಬಂಗಲೆ ಅಂಗಳದಲ್ಲಿ ನಡೆಯಿತು. ರೇಣುಕಪ್ರಸಾದನನ್ನೂ ಕರೆಸಿದ್ದರು. ಅವನು ಕೈಕಟ್ಟಿ ನಿಂತು, ಬಹಳ ಮರ್ಯಾದೆಯಿಂದ, ತನ್ನ ಬಾಡಿ ಆನೆ ಗುದ್ದಿದರೂ ಜಗ್ಗುವುದಿಲ್ಲ ಅಂದ. ಆ ಹೆಂಗಸು ಸರಿಯಾಗಿ ಕೂತಿರಲಿಲ್ಲ, ಎದ್ದು ನಿಂತು ಡ್ರೈವರ್ ಹತ್ತಿರ ಮಾತಾಡುತ್ತಿದ್ದಳಂತೆ ಅಂದ. ಯಾರು ಹೇಳಿದರಂತೆ? ಯಾರೂ ಇಲ್ಲ. ಅದೇ ಜೀಪಿನಲ್ಲಿದ್ದ ಮುತ್ತಮ್ಮ "ಇಲ್ಲ ಅಯ್ಯ, ಕೂತೇ ಇದ್ಲು" ಅಂತ ಬಾಯಿ ತೆರೆದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅವಳನ್ನು ಸುಮ್ಮನಿರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಸತ್ತ ಎಮ್ಮೆಗೇ ಹಾಕಿದರು. ಭಾಗಮ್ಮನ ತಪ್ಪು ಅಂತ ಎಲ್ಲರೂ ಒಪ್ಪಿ ಎದ್ದುಹೋದರು. ಗಂಡ ಬೆಳ್ಳಿಯಪ್ಪನೂ ಒಪ್ಪಿದ, ಪಾಪ. "ಹೋದವಳು ಬರ್ತಾಳಾ ಮಗಾ" ಅಂದ.

ಹದಿನೇಳು ವರ್ಷದ ಪ್ರೇಮಲತಾ ಒಪ್ಪಲಿಲ್ಲ. ಗದ್ದೆಗೆ ಇಳಿದು ಕೆಸರಲ್ಲಿ ಹುಡುಕಿ, ಬೆರಳಿನ ದಪ್ಪದ ಒಂದು ಪಿನ್ನಿನ ತುಂಡು ಎತ್ತಿಕೊಂಡು ಬಂದಳು. ಹದಿನಾಲ್ಕು ವರ್ಷವೂ ಅದು ಅವಳ ಬ್ಯಾಗಿನಲ್ಲೇ ಇತ್ತು.

ಮೊದಮೊದಲು ಅವಳ ಸೇಡಿನ ಯೋಜನೆಗಳು ಎಳಸು ಎಳಸಾಗಿದ್ದವು. ವರ್ಕ್‌ಶಾಪಿಗೆ ಬೆಂಕಿ ಇಡಬೇಕು ಅಂತ ಒಂದು ವರ್ಷ ಯೋಚಿಸಿದಳು. ಬೆಂಕಿ ಬಿದ್ದರೆ ಊರೆಲ್ಲ ಅವನಿಗೇ ಅಯ್ಯೋ ಅನ್ನುತ್ತದೆ ಅಂತ ಹೊಳೆದ ಮೇಲೆ ಬಿಟ್ಟಳು. ಕಾಲೇಜಿನ ಲ್ಯಾಬಿನಲ್ಲಿ ಕಬ್ಬಿಣದ ಪೈಪುಗಳನ್ನು ಪ್ರೆಸ್ಸಿಗೆ ಕೊಟ್ಟು ಎಷ್ಟು ಭಾರಕ್ಕೆ ಬಗ್ಗುತ್ತವೆ ಅಂತ ಬರೆದುಕೊಳ್ಳುವ ಕೆಲಸ ಸಿಕ್ಕಿದಾಗ, ಬಗ್ಗುವ ಪ್ರತಿ ಪೈಪನ್ನೂ ಅವಳು ರೇಣುಕಪ್ರಸಾದ್ ಅಂತಲೇ ನೋಡುತ್ತಿದ್ದಳು. ಕೆಲಸ ಬಹಳ ಚೆನ್ನಾಗಿ ಮಾಡುತ್ತಾಳೆ ಅಂತ ಹೆಸರು ಬಂತು.

ಆ ಹೆಸರು ಕೇಳಿಯೇ ಪ್ರೊಫೆಸರ್ ಧನ್ಯಾ ಮೇಡಂ ಅವಳನ್ನು ತಮ್ಮ ಸಂಶೋಧನೆಗೆ ಸೇರಿಸಿಕೊಂಡರು. ಗಾಡಿ ಮಗುಚಿದರೂ ಒಳಗಿನವರು ಉಳಿಯುವ ಹಾಗೆ ಮೇಲಿನ ಚೌಕಟ್ಟು ಹೇಗಿರಬೇಕು ಅನ್ನುವುದು ಸಂಶೋಧನೆಯ ವಿಷಯ. ಎಲ್ಲಿ ದಪ್ಪ ಪೈಪು, ಎಲ್ಲಿ ತೆಳು, ಯಾವುದು ನೇರ, ಯಾವುದು ಓರೆ ಅಂತ ಒಂದೊಂದೇ ಕಟ್ಟಿ ನೋಡುತ್ತಾ ಹೋದರೆ ನಾಲ್ಕು ತಲೆಮಾರು ಬೇಕು. ಅದಕ್ಕೆ ಮೇಡಂ ಕಂಪ್ಯೂಟರಿನಲ್ಲಿ ಇರುವೆ ಬಿಡುತ್ತಿದ್ದರು.

"ಇರುವೆನಾ?" ಅಂದಳು ಪ್ರೇಮಲತಾ.

"ಲೆಕ್ಕದ ಇರುವೆ ಪ್ರೇಮಾ. ಒಂದೊಂದು ಇರುವೆ ಒಂದೊಂದು ಚೌಕಟ್ಟು ಆರಿಸ್ಕೊಳ್ಳತ್ತೆ. ಅದನ್ನ ಕಂಪ್ಯೂಟರ್‌ನಲ್ಲೇ ಬೀಳಿಸಿ ನೋಡ್ತೀವಿ. ಚೆನ್ನಾಗಿ ತಡ್ಕೊಂಡ್ರೆ ಆ ದಾರೀಲಿ ಜಾಸ್ತಿ ವಾಸನೆ ಬಿಡತ್ತೆ. ಹಿಂದೆ ಬರೋ ಇರುವೆಗಳು ವಾಸನೆ ಹಿಡಿದು ಅದೇ ದಾರಿ ಹಿಡೀತಾವೆ. ಕೆಟ್ಟ ದಾರಿಯ ವಾಸನೆ ತಾನಾಗೇ ಆರಿಹೋಗತ್ತೆ."

ಪ್ರೇಮಲತಾಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಲೈನ್ ಮನೆಯ ಗೋಡೆಯ ಮೇಲೆ ಬೆಲ್ಲದ ಡಬ್ಬಿಗೆ ಹೊರಟ ಸಾಲನ್ನು ಭಾಗಮ್ಮ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಇರುವೆಗಳು ಒರೆಸಿದ ಕಡೆ ಬಂದು ತಬ್ಬಿಬ್ಬಾಗಿ ನಿಲ್ಲುತ್ತಿದ್ದವು. ಸ್ವಲ್ಪ ಹೊತ್ತಿಗೆ ಬೇರೆ ದಾರಿ ಹಿಡಿದು, ಕೆಲವೊಮ್ಮೆ ಮೊದಲಿಗಿಂತ ಹತ್ತಿರದ ದಾರಿಯಲ್ಲೇ, ಬೆಲ್ಲ ಮುಟ್ಟುತ್ತಿದ್ದವು. "ಹಟ ಅಂದ್ರೆ ಇದರದ್ದು ಮಾರಾಯ್ತಿ" ಅನ್ನುತ್ತಿದ್ದಳು ಭಾಗಮ್ಮ. ಮಗಳಿಗೆ ಆ ಹಟ ಬಂದದ್ದು ಎಲ್ಲಿಂದ ಅಂತ ಈಗ ಹೇಳಬೇಕಾಗಿಲ್ಲ.

ಅವತ್ತೇ ಅವಳ ಸೇಡಿಗೆ ಒಂದು ಆಕಾರ ಬಂತು. ಇರುವೆಗಳ ಕೈಯಲ್ಲಿ ಒಂದು ಬಾಡಿ ಮಾಡಿಸುವುದು. ರೇಣುಕಪ್ರಸಾದನ ಕೈಯಲ್ಲಿ ಒಂದು ಬಾಡಿ ಮಾಡಿಸುವುದು. ಕೊಯ್ಲು ಮುಗಿದ ಮೇಲೆ, ಜೀಪಿನ ಮಾಲೀಕರು, ಡ್ರೈವರುಗಳು, ಹೆಂಗಸರು ಎಲ್ಲರ ಎದುರಿಗೆ ಎರಡನ್ನೂ ಎಂಟಡಿಯಿಂದ ಉರುಳಿಸುವುದು. ಧನ್ಯಾ ಮೇಡಂಗೂ ನಿಜವಾದ ಜೀಪಿನ ಪರೀಕ್ಷೆ ಬೇಕಾಗಿತ್ತು. ಒಪ್ಪಿದರು. ಅವರಿಗೆ ಗೊತ್ತಿದ್ದದ್ದು ಸಂಶೋಧನೆ ಮಾತ್ರ, ಬ್ಯಾಗಿನ ಪಿನ್ನು ಗೊತ್ತಿರಲಿಲ್ಲ.

ಆರ್ಡರ್ ಕೊಡಲು ಪ್ರೇಮಲತಾಳೇ ಮೂಡಿಗೆರೆಗೆ ಹೋದಳು. ರೇಣುಕಪ್ರಸಾದನಿಗೆ ಕಿವಿಯ ಹತ್ತಿರ ಬೆಳ್ಳಗಾಗಿತ್ತು. ವರ್ಕ್‌ಶಾಪು ಎರಡರಷ್ಟು ಬೆಳೆದಿತ್ತು. ಅವನು ಎದ್ದು ನಿಂತು ಕುರ್ಚಿ ಒರೆಸಿ ಕೊಟ್ಟ, ಕಾಫಿ ತರಿಸಿದ, ಬಿಸಿಲಲ್ಲಿ ಬಂದಿದ್ದೀರಿ ಅಂತ ಫ್ಯಾನು ಅವಳ ಕಡೆ ತಿರುಗಿಸಿದ. ಅವಳ ಮುಖವನ್ನು ನೆಟ್ಟಗೆ ನೋಡಿದ. ಗುರುತು ಹತ್ತಲಿಲ್ಲ. ಕೆಟ್ಟವನಾಗಿದ್ದರೆ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ. ಇಷ್ಟು ಒಳ್ಳೆಯವನು, ಇಷ್ಟು ಸಲೀಸಾಗಿ ಮರೆತಿದ್ದಾನಲ್ಲ!

"ನೀವು ಎಲ್ರಿಗೂ ಮಾಡಿಕೊಡೋ ಹಾಗೇ ಮಾಡಿ. ಹೆಚ್ಚು ಬೇಡ, ಕಮ್ಮಿ ಬೇಡ" ಅಂದಳು.

"ಬಿಚ್ಚೋ ಕಮಾನು ಹಾಕ್ಲಾ ಮೇಡಂ? ಅದು ನಮ್ದೇ ಐಡಿಯಾ. ಮುಂದೆ ದಪ್ಪ ಗಾರ್ಡ್ ಕೊಡ್ತೀನಿ. ಆನೆ ಗುದ್ದಿದ್ರೂ ಜಗ್ಗಲ್ಲ."

"ಹಾಕಿ" ಅಂದಳು ಪ್ರೇಮಲತಾ. ಕಾಫಿ ಮುಟ್ಟದೆ ಎದ್ದಳು.

ಇನ್ನು ಅವಳು ಮಾಡಿದ ತಪ್ಪನ್ನೂ ಹೇಳಬೇಕು. ಹೇಳದಿದ್ದರೆ ನಾನೂ ಆ ಪಂಚಾಯ್ತಿಯವರ ಜಾತಿಗೆ ಸೇರುತ್ತೇನೆ.

ಇರುವೆಗಳಿಗೆ ಬೆಲ್ಲ ಎಲ್ಲಿದೆ ಅಂತ ನಾವೇ ಹೇಳಬೇಕು. ಯಾವುದು ಒಳ್ಳೆಯ ಚೌಕಟ್ಟು ಅಂತ ನಾವು ಬರೆದುಕೊಟ್ಟರೆ ಅವು ಅದನ್ನು ಮಾತ್ರ ಹುಡುಕುತ್ತವೆ. ಮೇಡಂ ಆ ಭಾಗವನ್ನು ಪ್ರೇಮಲತಾಳಿಗೆ ಬಿಟ್ಟಿದ್ದರು. ಅವಳು ಬರೆದದ್ದು ಹೀಗೆ: ಜೀಪು ಬಲಕ್ಕೆ ಮಗುಚಿದಾಗ, ಡ್ರೈವರ್ ಹಿಂದಿನ ಸೀಟಿನ ಮೇಲೆ ಚೌಕಟ್ಟು ಎಳ್ಳಷ್ಟೂ ಕುಸಿಯಬಾರದು. ಉಳಿದ ಒಂಬತ್ತು ಸೀಟು ಅವಳ ನೆನಪಿಗೇ ಬರಲಿಲ್ಲ. ಒಂದು ವಾರ ಲಕ್ಷಗಟ್ಟಲೆ ಇರುವೆಗಳು ಓಡಾಡಿ ಒಂದು ಚೌಕಟ್ಟು ತಂದುಕೊಟ್ಟವು. ಡ್ರೈವರ್ ಹಿಂದೆ ಕೋಟೆ. ಪರದೆಯ ಮೇಲೆ ಆ ಸೀಟಿನ ಜಾಗ ತಣ್ಣಗೆ ನೀಲಿಯಾಗಿತ್ತು, ಅಂದರೆ ಕುಸಿಯುವುದಿಲ್ಲ. ಪ್ರೇಮಲತಾ ಕುರ್ಚಿಯಲ್ಲೇ ಅತ್ತಳು. ಅಮ್ಮ ಉಳಿದಳು ಅಂತ ಅತ್ತಳು, ಹುಚ್ಚಿ.

ಕಣ್ಣು ಒರೆಸಿಕೊಂಡ ಮೇಲೆ ಹಿಂದಿನ ಎಡ ಮೂಲೆ ಕಂಡಿತು. ಅಲ್ಲಿ ಕೆಂಪಗಿತ್ತು. ಗಾಡಿ ಎಡಕ್ಕೆ ಬಿದ್ದರೆ ಆ ಮೂಲೆ ಚಪ್ಪಟೆ. ಭಾರ ಹೆಚ್ಚಾಗದ ಹಾಗೆ ಇರುವೆಗಳು ಅಲ್ಲಿಂದ ಕಬ್ಬಿಣ ಕದ್ದು ಇಲ್ಲಿಗೆ ಹಾಕಿದ್ದವು.

ಅವಳು ಸುಮ್ಮನಿದ್ದಳು. ಎರಡು ದಿನ ಸುಮ್ಮನಿದ್ದಳು. ಪರೀಕ್ಷೆಯ ದಿನ ಜೀಪನ್ನು ಉರುಳಿಸುವುದು ಬಲಕ್ಕೆ ತಾನೇ? ಎಡ ಮೂಲೆ ಯಾರು ನೋಡುತ್ತಾರೆ? ರೇಣುಕಪ್ರಸಾದ್ ಸೋತರೆ ಸಾಕು. ಮನಸ್ಸು ಹೀಗೆಲ್ಲ ವಕೀಲಿಕೆ ಮಾಡಿತು. ಮೂರನೆಯ ದಿನ ಧನ್ಯಾ ಮೇಡಂ ಪರದೆ ನೋಡಿ ಕೇಳಿದರು, "ಈ ಮೂಲೇಲಿ ಯಾರು ಕೂರ್ತಾರೆ?"

"ಮುತ್ತಮ್ಮ" ಅಂದುಬಿಟ್ಟಳು ಪ್ರೇಮಲತಾ.

ಮುತ್ತಮ್ಮನಿಗೆ ಘಾಟಿ ತಿರುವಿನಲ್ಲಿ ವಾಂತಿ. ತಲೆ ಹೊರಗೆ ಹಾಕಲು ಬೇಕು ಅಂತ ಮೂವತ್ತು ವರ್ಷದಿಂದ ಅವಳಿಗೆ ಹಿಂದಿನ ಎಡ ಮೂಲೆಯೇ. ಪಂಚಾಯ್ತಿಯಲ್ಲಿ ಬಾಯಿ ತೆರೆದವಳು ಅವಳೊಬ್ಬಳೇ. ಅಮ್ಮ ಹೋದ ಮೇಲೆ ಪ್ರೇಮಲತಾಳಿಗೆ ಎಣ್ಣೆ ಹಚ್ಚಿ ತಲೆ ಬಾಚಿದವಳೂ ಅವಳೇ. ರೇಣುಕಪ್ರಸಾದ್ ಮೂಟೆಗಾಗಿ ಒಬ್ಬಳನ್ನು ಮರೆತಿದ್ದ. ತಾನು ಸೇಡಿಗಾಗಿ ಇನ್ನೊಬ್ಬಳನ್ನು ಮರೆತಿದ್ದಳು. ಅವನಿಗೂ ತನಗೂ ಏನು ವ್ಯತ್ಯಾಸ? ಈ ಪ್ರಶ್ನೆ ಬಂದಾಗ ಅವಳಿಗೆ ಅವನ ಮೇಲಿನ ಸಿಟ್ಟು ಇನ್ನೂ ಜಾಸ್ತಿಯಾಯಿತು. ತನ್ನನ್ನೂ ಅವನ ಹಾಗೆ ಮಾಡಲು ಹೊರಟಿದ್ದನಲ್ಲ!

ಅವತ್ತೇ ಕೂತು ಎಲ್ಲ ಅಳಿಸಿ ಹೊಸದಾಗಿ ಬರೆದಳು. ಬಲಕ್ಕೆ ಬೀಳಲಿ, ಎಡಕ್ಕೆ ಬೀಳಲಿ, ಹತ್ತು ಸೀಟಿನಲ್ಲಿ ಯಾವುದರ ಮೇಲೂ ಕುಸಿಯಬಾರದು. ಮೂಟೆ ತುಂಬಲು ಹಿಂದಿನ ಬಾಗಿಲು ಅಗಲ ಇರಬೇಕು. ಸೇಡು ಬಿಟ್ಟಳು ಅಂತ ತಿಳಿಯಬೇಡಿ. ಸೇಡಿನ ಗಾಡಿಗೆ ಹತ್ತು ಸೀಟು ಹಾಕಿದಳು, ಅಷ್ಟೇ. ಈ ಸಲ ಇರುವೆಗಳಿಗೆ ಮೂರು ವಾರ ಬೇಕಾಯಿತು. ಅವು ತಂದುಕೊಟ್ಟ ಚೌಕಟ್ಟಿನಲ್ಲಿ ಮುಂದಿನ ದಪ್ಪ ಗಾರ್ಡೇ ಇರಲಿಲ್ಲ. ಆ ಕಬ್ಬಿಣವೆಲ್ಲ ಮೇಲೆ ಹೋಗಿ, ಎರಡು ಓರೆ ಪೈಪುಗಳಾಗಿ, ನಡುವಿನ ಕಮಾನನ್ನು ಎರಡೂ ಕಡೆಯಿಂದ ಹಿಡಿದುಕೊಂಡಿತ್ತು. ಕಾಲೇಜಿನ ವರ್ಕ್‌ಶಾಪಿನಲ್ಲಿ ಅದನ್ನು ಪ್ರೇಮಲತಾ ತನ್ನ ಕೈಯಾರೆ ವೆಲ್ಡ್ ಮಾಡಿದಳು.

ಮಾರ್ಚ್ ತಿಂಗಳ ಒಂದು ಭಾನುವಾರ, ಕಳಸದ ಹತ್ತಿರದ ಎಸ್ಟೇಟಿನ ಖಾಲಿ ಕಾಫಿ ಕಣದಲ್ಲಿ ಜನ ಸೇರಿದರು. ಕಣದ ಒಂದು ಅಂಚಿಗೆ ಎಂಟಡಿ ಇಳಿಜಾರು. ಅಂಚಿನ ಮೇಲೆ ಇಂಜಿನ್ ಇಲ್ಲದ ಎರಡು ಹಳೆ ಜೀಪು, ಮೇಲೆ ಎರಡು ಹೊಸ ಬಾಡಿ. ಪಕ್ಕದಲ್ಲಿ ತಳ್ಳಲು ಒಂದು ಜೆಸಿಬಿ. ಮಾಲೀಕರು ಒಂದು ಕಡೆ, ಕೆಲಸದ ಹೆಂಗಸರು ಇನ್ನೊಂದು ಕಡೆ. ರೇಣುಕಪ್ರಸಾದ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಕಾಲೇಜಿನವರೇ ಕರೆದಿದ್ದಾರೆ ಅಂತ ನಾಲ್ಕು ಜನಕ್ಕೆ ಹೇಳಿಕೊಂಡಿದ್ದ.

ಕಣದ ನಡುವೆ ಇಪ್ಪತ್ತು ಮರಳಿನ ಮೂಟೆ, ಇಪ್ಪತ್ತು ಬೂದುಗುಂಬಳ.

"ಇದೇನ್ ಮೇಡಂ, ಆಯುಧಪೂಜೆಗೆ ಒಡೆಯೋ ಕಾಯಿ ಈಗಲೇ ತಂದಿದ್ದೀರಿ?" ಅಂತ ರೇಣುಕಪ್ರಸಾದ್ ನಕ್ಕ.

"ಮೂಟೆ ಮೈ, ಕುಂಬಳಕಾಯಿ ತಲೆ" ಅಂದಳು ಪ್ರೇಮಲತಾ. "ಒಂದು ಜೀಪಿಗೆ ಹತ್ತು ಹೆಂಗಸರು. ನಮ್ಮ ಜೀಪಲ್ಲಿ ನಾನು ಕೂರಿಸ್ತೀನಿ. ನಿಮ್ಮ ಜೀಪಲ್ಲಿ ನೀವೇ ಕೂರಿಸಿ."

"ನಾನ್ಯಾಕೆ?"

"ಸರಿಯಾಗಿ ಕೂತಿರಲಿಲ್ಲ ಅಂತ ಆಮೇಲೆ ಯಾರೂ ಹೇಳಬಾರ್ದಲ್ಲ. ಅದಕ್ಕೆ."

ಅವನ ನಗು ನಿಂತಿತು. "ಆ ಹಳೇ ಜಾವಳಿ ವಿಷ್ಯಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ನೋಡಿ" ಅಂದ. ಜಾವಳಿಯ ಹೆಸರನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ ಮಾಡಿದವರು ಆ ಕಣದಲ್ಲಿ ಇದ್ದಿದ್ದರೆ ಕೈ ಮುಗಿಯುತ್ತಿದ್ದರು. ಹೆಂಗಸರ ಕಡೆಯಿಂದ ಮುತ್ತಮ್ಮ ಎದ್ದು ಮುಂದೆ ಬಂದು ನಿಂತಳು.

ಮಾಲೀಕರು ನೋಡುತ್ತಿದ್ದರು. ಬೇರೆ ದಾರಿ ಇರಲಿಲ್ಲ. ರೇಣುಕಪ್ರಸಾದ್ ತೋಳು ಮಡಚಿ ಮೂಟೆಗಳನ್ನು ಸೀಟಿಗೆ ಏರಿಸಿದ, ಮೇಲೆ ಕುಂಬಳಕಾಯಿ ಇಟ್ಟು ಹಗ್ಗದಲ್ಲಿ ಬಿಗಿದ. ಡ್ರೈವರ್ ಹಿಂದಿನ ಸೀಟಿಗೆ ಬಂದಾಗ ಅವನ ಕೈ ನಿಧಾನವಾಯಿತು. ಆ ಒಂದಕ್ಕೆ ಎರಡು ಸುತ್ತು ಹಗ್ಗ ಹಾಕಿದ. ಅಲ್ಲಾಡಿಸಿ ನೋಡಿದ. ಅದು ಅಲ್ಲಾಡಲಿಲ್ಲ.

"ಸರಿಯಾಗಿ ಕೂತಿದ್ಯಾ?" ಅಂತ ಕೇಳಿದಳು ಪ್ರೇಮಲತಾ, ಎಲ್ಲರಿಗೂ ಕೇಳುವ ಹಾಗೆ.

"ಕೂತಿದೆ" ಅಂದ.

ಜೆಸಿಬಿ ತಳ್ಳಿತು. ಜೀಪು ಬಲಕ್ಕೆ ಮಗುಚಿ ಕೆಳಗೆ ಬಿತ್ತು. ಪಟ್ ಅಂತ ಒಂದು ಸಣ್ಣ ಸದ್ದು, ಅದರ ಹಿಂದೆಯೇ ಇನ್ನೊಂದು. ಎರಡು ಪಿನ್ನು. ಜನ ಇಳಿದು ಹೋಗಿ ನೋಡಿದರು. ಮುಂದಿನ ಗಾರ್ಡಿಗೆ ಒಂದು ಗೀರೂ ಆಗಿರಲಿಲ್ಲ. ಕಮಾನು ಮಡಚಿ ಸೀಟಿಗೆ ತಾಗಿತ್ತು. ಏಳು ಕುಂಬಳಕಾಯಿ ಹಾಗೇ ಇದ್ದವು, ಎರಡು ಬಿರುಕು ಬಿಟ್ಟಿದ್ದವು. ಡ್ರೈವರ್ ಹಿಂದಿನದು ಇರಲಿಲ್ಲ. ಎರಡು ಸುತ್ತಿನ ಹಗ್ಗ ಮಾತ್ರ ಬಿಗಿಯಾಗಿ ಹಾಗೇ ಇತ್ತು, ಅದರ ಸುತ್ತ ಬಿಳಿ ತಿರುಳು, ಬೀಜ. ಹೆಂಗಸರಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡರು.

ಪ್ರೇಮಲತಾಳ ಜೀಪನ್ನು ಬಲಕ್ಕೆ ಉರುಳಿಸಿದರು. ಹತ್ತು ಕುಂಬಳಕಾಯಿಯೂ ಹಾಗೇ ಇದ್ದವು. ಅವಳು ಸಾಲದು ಅಂದಳು. ಮೇಲಕ್ಕೆ ಎಳೆಸಿ ಎಡಕ್ಕೂ ಉರುಳಿಸಿದಳು. ಹಿಂದಿನ ಎಡ ಮೂಲೆಯನ್ನು ಮುತ್ತಮ್ಮನೇ ಹೋಗಿ ತಡವಿ ನೋಡಿದಳು. "ಗಟ್ಟಿ ಇದೆ ಮಗಾ" ಅಂದಳು. ಮಾಲೀಕರು ಆಗಲೇ ಧನ್ಯಾ ಮೇಡಂ ಸುತ್ತ ಸೇರಿ ಆ ಓರೆ ಪೈಪಿನ ವಿಷಯ ಕೇಳತೊಡಗಿದ್ದರು.

ಪ್ರೇಮಲತಾ ಅತ್ತ ತಿರುಗಲಿಲ್ಲ. ಬ್ಯಾಗಿನಿಂದ ಪಿನ್ನಿನ ತುಂಡು ತೆಗೆದು ರೇಣುಕಪ್ರಸಾದನ ಅಂಗೈ ಮೇಲೆ ಇಟ್ಟಳು. ಅವನು ಅದನ್ನು ನೋಡಿದ, ಕೆಳಗೆ ಬಿದ್ದಿದ್ದ ಜೀಪನ್ನು ನೋಡಿದ, ಕೊನೆಗೆ ಅವಳ ಮುಖ ನೋಡಿದ. ಈಗ ಗುರುತು ಹತ್ತಿತು.

"ಸರಿಯಾಗೇ ಕೂತಿತ್ತು" ಅಂದ ತಗ್ಗಿದ ದನಿಯಲ್ಲಿ.

"ಕುಂಬಳಕಾಯಿ ಸುದ್ದಿ ಕೇಳ್ಲಿಲ್ಲ ನಾನು."

ಅವನು ಹಣೆಯ ಬೆವರು ಒರೆಸಿಕೊಂಡ. "ಆಯಮ್ಮನ ಹೆಸರು..." ಅಂತ ನಿಲ್ಲಿಸಿದ. ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ತಪ್ಪು ಹೊತ್ತವಳ ಹೆಸರು ಹೊರಿಸಿದವನಿಗೆ ಗೊತ್ತಿರಲಿಲ್ಲ.

ಪ್ರೇಮಲತಾ ಹೇಳಿಕೊಡಲಿಲ್ಲ. ಮಾಲೀಕರೂ ಈ ಕಡೆ ತಿರುಗಿದರು. ಕೊನೆಗೆ ಅವನು ಮುತ್ತಮ್ಮನ ಕಡೆ ತಿರುಗಿ, ಮೆಲ್ಲಗೆ ಹೆಸರು ಕೇಳಿದ. ಮುತ್ತಮ್ಮ ಹೇಳಿದಳು.

"ಭಾಗಮ್ಮನವ್ರು ಸರಿಯಾಗೇ ಕೂತಿದ್ರು" ಅಂದ ರೇಣುಕಪ್ರಸಾದ್. "ನನ್ನ ಕಮಾನು ನಿಲ್ಲಲಿಲ್ಲ."

ಪ್ರೇಮಲತಾ ಹೆಂಗಸರ ಸಾಲಿನ ತುದಿಯವರೆಗೂ ಒಮ್ಮೆ ಕಣ್ಣು ಹಾಯಿಸಿದಳು.

"ಹಿಂದಿನವರಿಗೆ ಕೇಳ್ಲಿಲ್ಲ" ಅಂದಳು. "ಇನ್ನೊಂದ್ಸಲ ಹೇಳಿ. ಜೋರಾಗಿ."